ಹೆಸರಿನ ಮೇಲಿನ ಬೆರಳು

ಸತ್ತ ಮನುಷ್ಯ ಯಾರಿಗೂ ಮೆಸೇಜು ಕಳಿಸಲಿಲ್ಲ. ಕಳಿಸಿದವಳು ನಾನು. ದೆವ್ವವೂ ಇಲ್ಲ, ಪವಾಡವೂ ಇಲ್ಲ. ಎರಡನೆಯ ಇಯತ್ತೆಗೆ ಶಾಲೆ ಬಿಟ್ಟ ಒಬ್ಬ ಮುದುಕಿ, ಅವಳ ಕೈಯಲ್ಲಿ ಗಂಡನ ಫೋನು, ಇಷ್ಟೇ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮಂದಿ ಈ ಸುದ್ದಿಯನ್ನು ಬೇರೆ ರೀತಿ ಹೇಳುತ್ತ ತಿರುಗುತ್ತಾರೆ. ಅವರ ಬಾಯಲ್ಲಿ ಕೇಳಿದರೆ ನನಗೇ ಮೈ ಜುಮ್ಮೆನ್ನುತ್ತದೆ.

ನಾವು ಬೀದರ್ ಕಡೆಯವರು. ನಮ್ಮವರಿಗೆ ಇಲ್ಲಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ತೆಲುಗು ಸೀಮೆಯ ಈ ಕುಷಾಯಿಗೂಡಕ್ಕೆ ಬಂದೆವು, ಇಲ್ಲೇ ಮನೆ ಕಟ್ಟಿದೆವು, ಇಲ್ಲೇ ಅವರು ಸತ್ತರು. ಎರಡು ವರ್ಷದ ಹಿಂದೆ, ಎದೆನೋವಿನಿಂದ. ಮಗ, ಸೊಸೆ, ಮೊಮ್ಮಗಳು ಮನೆಯಲ್ಲಿದ್ದಾರೆ, ಆದರೆ ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆಯೇ ಬರುವುದು. ನಡುವಿನ ಹೊತ್ತು ನನ್ನದು, ಮತ್ತೆ ಆ ಫೋನಿನದು.

ನಮ್ಮವರ ಹೆಸರನ್ನು ನಾನು ಬಾಯಿಂದ ಹೇಳಿದವಳಲ್ಲ. ಲಗ್ನದ ದಿನ ಹೆಂಗಸರು ಬಾಗಿಲಿಗೆ ಅಡ್ಡ ನಿಂತು ಒಡಪು ಹಾಕು ಎಂದು ಹಟ ಮಾಡಿದಾಗ ಹಾಡಿನಲ್ಲಿ ಸೇರಿಸಿ ಒಮ್ಮೆ ಹೇಳಿದ್ದೆ. ಆಮೇಲೆ ಇಲ್ಲ. ಹೆಸರು ತೆಗೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಮ್ಮವ್ವ ಹೇಳಿದ್ದಳು. ಬರೀ ಬಾಯಿಯ ಮಾತಲ್ಲ ಅದು, ಕಣ್ಣಿಗೂ ರೂಢಿಯಾಗಿತ್ತು. ರೇಷನ್ ಕಾರ್ಡಿರಲಿ, ಲಗ್ನಪತ್ರಿಕೆಯಿರಲಿ, ಅವರ ಹೆಸರಿನ ಮೊದಲ ಅಕ್ಷರ ಕಂಡ ಕೂಡಲೇ ಕಣ್ಣು ಕೆಳಗಿನ ಸಾಲಿಗೆ ಜಾರುತ್ತಿತ್ತು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕಂಡಕ್ಟರ್‌ಗೆ ಆಧಾರ್ ತೋರಿಸುವಾಗಲೂ ಹೆಬ್ಬೆರಳು ತಾನೇ ಹೋಗಿ ಆ ಹೆಸರಿನ ಮೇಲೆ ಕೂಡುತ್ತಿತ್ತು. "ವೇಲು ತೀಯಮ್ಮಾ," ಬೆರಳು ತೆಗಿ ಎಂದು ಅವನು ತೆಲುಗಿನಲ್ಲಿ ಬೈಯುತ್ತಿದ್ದ. ನಾನು ಕಿಟಕಿಯ ಕಡೆ ಮುಖ ಮಾಡಿ ತೆಗೆಯುತ್ತಿದ್ದೆ.

ಅವರು ಹೋದ ಮೇಲೆ ಫೋನು ನನ್ನ ಪಾಲಿಗೆ ಬಂತು. ಮಂದಿಯೆಲ್ಲ ಫೋಟೋ ಹಾಕಿ, ಜಗಳಾಡಿ, ಹರಟೆ ಹೊಡೆಯುವ ಆ ದೊಡ್ಡ ಜಾಗ ಅದರಲ್ಲಿ ಮೊದಲೇ ತೆರೆದಿತ್ತು. ಅದಕ್ಕೆ ನಾನು ಪೇಟೆ ಎನ್ನುತ್ತೇನೆ. ಮೇಲೆ ಒಂದು ಸಣ್ಣ ಗುಂಡಗಿನ ಚಿತ್ರ. ಅದರಲ್ಲಿ ಮಗ ಹುಟ್ಟಿದಾಗ ನಾನು ಹೊಲಿದ ಕೌದಿ. ನನ್ನ ಕೌದಿ ಇದೆ ಎಂದರೆ ಇದು ನನ್ನದೇ ಬಾಗಿಲು ಎಂದುಕೊಂಡೆ. ಮೊಮ್ಮಗಳು ಮಾಡಿಕೊಟ್ಟಿರಬೇಕು. ಕೌದಿಯ ಪಕ್ಕದಲ್ಲಿ ಏನೋ ಹೆಸರಿತ್ತು. ಕಣ್ಣು ಕೆಳಗೆ ಜಾರಿತು.

ಒಂದು ದಿನ ಪೇಟೆಯ ಮಂದಿಯೆಲ್ಲ ನನಗೆ ಹುಟ್ಟುಹಬ್ಬದ ಶುಭಾಶಯ ಹೇಳಿದರು. ನಾನು ಹುಟ್ಟಿದ ದಿನ ನಮ್ಮವ್ವನಿಗೇ ಗೊತ್ತಿರಲಿಲ್ಲ. ಇರಲಿ, ಪೇಟೆಯವರು ಒಂದು ದಿನ ಗೊತ್ತು ಮಾಡಿ ಕೊಟ್ಟರಲ್ಲ ಎಂದುಕೊಂಡೆ. "ನೂರು ವರ್ಷ ಬಾಳ್ರಿ ಸರ್" ಎಂದು ಒಬ್ಬ ಬರೆದಿದ್ದ. ನನಗೆ ಯಾರಪ್ಪ ಸರ್ ಅನ್ನುವವನು ಎಂದು ಆಗ ಯೋಚಿಸಲಿಲ್ಲ.

ನನ್ನ ನಾದಿನಿ, ಅಂದರೆ ನಮ್ಮವರ ಅಕ್ಕ, ಉಪ್ಪಲ್‌ನಲ್ಲಿ ಮಗಳ ಮನೆಯಲ್ಲಿದ್ದಾರೆ. ಮೊಣಕಾಲು ಹಿಡಿದುಕೊಂಡು ಹೊರಗೆ ಬರುವುದಿಲ್ಲ. ಏಳನೆಯವರೆಗೆ ಓದಿದವರು, ನನಗಿಂತ ಜೋರಾಗಿ ಓದುತ್ತಾರೆ. ನಮ್ಮವರ ಹೆಣ ಅಂಗಳದಲ್ಲಿ ಇದ್ದಾಗಲೇ ಅವರು ನನಗೆ ಎಲ್ಲರೆದುರು ಒಂದು ಮಾತು ಅಂದಿದ್ದರು: "ಹೊತ್ತಿಗೆ ದವಾಖಾನಿಗೆ ಒಯ್ಯಲಿಲ್ಲ ನೀ. ಚಾ ಮಾಡಕೋತ ಕುಂತಿ." ಅದು ಖರೆ. ಗ್ಯಾಸಿನ ನೋವು ಎಂದು ನಮ್ಮವರೇ ಹೇಳಿದರು, ನಾನು ಶುಂಠಿ ಚಹಾ ಮಾಡಿದೆ. ವರ್ಷದ ತಿಥಿ ಮುಗಿದ ಮೇಲೆ ನಮ್ಮಿಬ್ಬರಲ್ಲಿ ಬಾಯಿಮಾತು ನಿಂತೇಹೋಯಿತು.

ಪೇಟೆಯಲ್ಲಿ ಅವರ ಫೋಟೋ ಕಂಡಾಗ ಒಂದು ಮಧ್ಯಾಹ್ನ ಮನಸ್ಸು ಮಾಡಿದೆ. ಊಟ ಆಯಿತೇನು ಎಂದು ಕೇಳಿದರೆ ಯಾರ ಗಂಟು ಹೋಗುತ್ತದೆ? ನಾನು "ಊ" ಒಂದನ್ನು ಹುಡುಕಿ ಒತ್ತುವಷ್ಟರಲ್ಲಿ ಫೋನು ತಾನೇ ಮೇಲೆ ಮಾತುಗಳನ್ನು ಸಾಲಾಗಿ ಇಟ್ಟಿತು. ಊಟ. ಒತ್ತಿದೆ. ಆತೇನು. ಒತ್ತಿದೆ. ಅಕ್ಕವ್ವ. ಒತ್ತಿದೆ. ನಾನು ಅವರನ್ನು ಅಕ್ಕಾರ ಎನ್ನುವುದು. ಅಕ್ಕವ್ವ ಎಂದು ನಮ್ಮವರು ಕರೆಯುತ್ತಿದ್ದರು. ಆದರೆ ಅಳಿಸುವುದು ನನಗೆ ಬರುತ್ತಿರಲಿಲ್ಲ. ಮಾತಂತೂ ಚೆನ್ನಾಗಿದೆ, ಹೋಗಲಿ ಎಂದು ಬಿಟ್ಟೆ.

ಎರಡು ದಿನ ಬಿಟ್ಟು ಒಂದೇ ಮಾತು ಬಂತು. "ಯಾರು?"

ಸೊಕ್ಕು ನೋಡು ಎಂದುಕೊಂಡೆ. "ನಾನು" ಎಂದು ಬರೆದೆ. ಫೋನು ಪಕ್ಕಕ್ಕೆ ಅಕ್ಕವ್ವ ಇಟ್ಟಿತು. ಅದನ್ನೂ ಒತ್ತಿದೆ.

ಮೂರು ದಿನ ಸುದ್ದಿಯಿಲ್ಲ. ನಾಲ್ಕನೆಯ ದಿನ ಬಂತು: "ಹೂಂ ತಮ್ಮಾ, ಉಂಡೆ. ನೀ?" ತಮ್ಮನ ನೆನಪಿನಲ್ಲಿ ಕೈ ತಪ್ಪಿರಬೇಕು ಎಂದುಕೊಂಡೆ. ಸಿಟ್ಟು ಇಳಿದಿದೆ, ಅದು ಮುಖ್ಯ.

ಅಂದಿನಿಂದ ದಿನಾ ಮಧ್ಯಾಹ್ನ ಒಂದು ಗಂಟೆಗೆ ನಾನು ಕೇಳುವುದು, ಅವರು ಹೇಳುವುದು. ನಲವತ್ತು ವರ್ಷದಲ್ಲಿ ನನ್ನ ಜೊತೆ ಆಡದಷ್ಟು ಮೆತ್ತನೆಯ ಮಾತು. ನಾನು ಒಳಗೊಳಗೇ ಉಬ್ಬಿದೆ. ಚಹಾದ ತಪ್ಪನ್ನು ಕ್ಷಮಿಸಿದರು ಎಂದು ಒಬ್ಬಳೇ ಕೂತು ಒಂದು ದಿನ ಅತ್ತೆ ಕೂಡ. ಫೋನು ಕೊಡುವ ಮಾತುಗಳನ್ನು ಒತ್ತುತ್ತ ಹೋದರೆ ಸಾಕಿತ್ತು. ಇದಕ್ಕೆ ನಮ್ಮ ಮನೆಯ ಭಾಷೆ ಹೇಗೆ ಗೊತ್ತು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು.

ಚಳಿ ಬಿತ್ತು. ಅವರ ಪ್ರಶ್ನೆಗಳು ಬದಲಾದವು.

"ಅಲ್ಲಿ ಚಳಿ ಐತೇನು?"

"ಭಾಳ ಐತಿ. ಕೌದಿ ಸಾಲವಲ್ದು."

"ಹತ್ರ ಯಾರರ ಅದಾರೇನು?"

"ಮಧ್ಯಾಹ್ನ ಯಾರೂ ಇರಂಗಿಲ್ಲ."

"ಅವ್ವ ಭೆಟ್ಟಿ ಆಗಿದ್ಲೇನು?"

ಅವ್ವ ಎಂದರೆ ನನ್ನ ಅತ್ತೆ, ಸತ್ತು ಮೂವತ್ತು ವರ್ಷವಾಯಿತು. ನಮ್ಮ ಮನೆಯ ಹೆಂಗಸರು ಅಮಾವಾಸ್ಯೆ ಹತ್ತಿರ ಬಂದರೆ ಕನಸಿನಲ್ಲಿ ಯಾರು ಬಂದಿದ್ದರು ಎಂದು ಒಬ್ಬರನ್ನೊಬ್ಬರು ಕೇಳುತ್ತಾರೆ. ಹಿರಿಯರು ಕಂಡಿದ್ದರೆ ಎಡೆ ಇಡಬೇಕು. ನನ್ನ ಕನಸಿನಲ್ಲಿ ಖರೆಯಾಗಿಯೂ ಬಂದಿದ್ದಳು. ಹಾಗೇ ಬರೆದೆ: "ಮೊನ್ನಿ ಬಂದಿದ್ಲು. ಹಸರ ಸೀರಿ ಉಟ್ಟಿದ್ಲು." ಆಕೆಯನ್ನು ಮಣ್ಣು ಮಾಡಿದ್ದು ಹಸಿರು ಸೀರೆಯಲ್ಲಿ. ಅದು ನನಗೂ ಗೊತ್ತು, ಅವರಿಗೂ ಗೊತ್ತು.

ಬಹಳ ಹೊತ್ತಿನ ಮೇಲೆ ಬಂತು: "ನಾನೂ ಬರ್ಲೇನು ನಿನ್ನ ಕಡೆ?"

ನನಗೆ ಸಂತೋಷವಾಯಿತು. ಮೊಣಕಾಲು ಎಳೆದುಕೊಂಡು ನಮ್ಮ ಮನೆಗೆ ಬರುತ್ತೇನೆ ಎನ್ನುತ್ತಿದ್ದಾರಲ್ಲ! "ಬಾ ಅಕ್ಕವ್ವ. ಜಾಗ ಐತಿ" ಎಂದು ಕಳಿಸಿದೆ.

"ಯಾವಾಗ ಬರ್ಲಿ?"

"ಎಳ್ಳಮವಾಸಿ ಕಳದ ಮ್ಯಾಲೆ ಬಾ." ಅಮಾವಾಸ್ಯೆಗೆ ಮುಂಚೆ ಮನೆ ಬಿಟ್ಟು ಹೊರಡಬಾರದು ನೋಡಿ, ಅದಕ್ಕೆ.

"ಆತು ತಮ್ಮಾ."

ಅಷ್ಟರಲ್ಲಿ ಪೇಟೆ ನನಗೆ ಸಾಕಾಗಿತ್ತು. ಬಾವಿಗೆ ಬೀಳುವವನ ವಿಡಿಯೋ ದಿನಕ್ಕೆ ಮೂರು ಸಲ. ಅಡುಗೆಮನೆಯಲ್ಲಿ ಒಬ್ಬಳೇ "ಅಯ್ಯೋ ಸೊಂಟ" ಎಂದರೆ ಸಂಜೆಗೆ ಸೊಂಟದ ಎಣ್ಣೆಯ ಜಾಹೀರಾತು. ಗೋಡೆಗೂ ಹೇಳದ ಮಾತು ಅದಕ್ಕೆ ಹೇಗೆ ಮುಟ್ಟಿತು? ನಮ್ಮವರ ಜೊತೆ ಕಾರ್ಖಾನೆಯಲ್ಲಿ ಇದ್ದ ಗೆಳೆಯರೊಬ್ಬರು, ಈಗ ರಿಟೈರು, ಇಲ್ಲಿಯ ಕನ್ನಡ ಮನೆಗಳಿಗೆಂದೇ ಒಂದು ಸಣ್ಣ ಜಾಗ ಮಾಡಿದ್ದರು. ಮಂದಿ ನೂರು ಕೂಡ ಇಲ್ಲ. ಜಾಹೀರಾತು ಇಲ್ಲ. ಒಳಗೆ ಬರಬೇಕಾದರೆ ಇದ್ದವರೊಬ್ಬರು ಇಂಥವರ ಮನೆಯವರು ಎಂದು ಗುರುತು ಹೇಳಬೇಕು. ಅದಕ್ಕೆ ನಾನು ಓಣಿ ಎಂದು ಹೆಸರಿಟ್ಟೆ. ಹೋದರೆ ನಾದಿನಿಯನ್ನೂ ಅಲ್ಲಿಗೆ ಕರೆದುಕೊಳ್ಳಬೇಕು ಎಂದು ಲೆಕ್ಕ ಹಾಕಿದ್ದೆ.

ಮೊಮ್ಮಗಳಿಗೆ ಹೇಳಿದೆ. ನಾರಾಯಣಗೂಡದ ಕಾಲೇಜಿಗೆ ಹೋಗುವ ಗಡಿಬಿಡಿಯಲ್ಲಿದ್ದಳು. "ಹಳೇ ಗುರ್ತಿನಿಂದನ ಒಳಗ ಹೋಗು ಅಂತ ಬಟನ್ ಐತಿ ಅಜ್ಜಿ, ಅದನ್ನ ಒತ್ತು, ಬಸ್." ಚಪ್ಪಲಿ ಮೆಟ್ಟಿ ಓಡಿದಳು. ಒತ್ತಿದೆ.

ಮರುದಿನ ಎಳ್ಳಮಾವಾಸ್ಯೆ. ಊರಲ್ಲಾದರೆ ಹೊಲಕ್ಕೆ ಹೋಗಿ ಉಣ್ಣುವ ಹಬ್ಬ. ಇಲ್ಲಿ ಮಾಳಿಗೆಯ ಮೇಲೆ ಕೂತು ಉಣ್ಣುತ್ತೇವೆ. ನಾನು ಹಸಿ ಕಾಳು, ಸೊಪ್ಪು ಎಲ್ಲ ಹಾಕಿ ಭಜ್ಜಿ ಕುದಿಸುತ್ತಿದ್ದೆ. ಫೋನು ಹೊಡೆಯಿತು. ಓಣಿಯ ಯಜಮಾನರು, ನಮ್ಮವರ ಆ ಗೆಳೆಯರು; ನನ್ನನ್ನು ವೈನಿ, ಅತ್ತಿಗೆ, ಎನ್ನುತ್ತಾರೆ.

"ವೈನಿ, ಮನ್ಯಾಗ ಯಾರರ ಅದಾರೇನ್ರಿ?"

"ಎಲ್ಲಾರೂ ಅದಾರ. ಹಬ್ಬ ಐತೆಲ್ಲ. ಏನಾತು?"

"ನನ್ನ ಕಡೆ ಒಂದು ಅರ್ಜಿ ಬಂದೈತ್ರಿ. ಒಳಗ ಬಿಡು ಅಂತ. ನಮ್ಮವಂದು."

"ಯಾರದು?"

"ನಿಮ್ಮ ಮನಿಯವರದು ವೈನಿ. ನಾನ ಹೆಗಲು ಕೊಟ್ಟೀನಿ. ನಿನ್ನಿ ಮುಂಜಾನಿ ಅರ್ಜಿ ಹಾಕ್ಯಾನ. ರಾತ್ರಿ ನನಗ ನಿದ್ದಿ ಹತ್ತಿಲ್ಲ."

"ನಾ ಹಾಕಿದ್ದು ಅದು."

"ಹೆಸರು ನೋಡ್ರಿ, ವೈನಿ. ಮ್ಯಾಲಿನ ಹೆಸರು ನೋಡ್ರಿ."

ಒಲೆ ಆರಿಸಿದೆ. ಚಸ್ಮಾ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹೋದೆ. ಪೇಟೆಯನ್ನು ತೆರೆದೆ. ಕೌದಿ ಇತ್ತು. ಪಕ್ಕದಲ್ಲಿ ನನ್ನ ಹೆಬ್ಬೆರಳು ಇತ್ತು; ಫೋನನ್ನು ನಾನು ಹಿಡಿಯುವುದೇ ಹಾಗೆ. ಬೆರಳು ತೆಗೆದೆ. ಕಣ್ಣು ಕೆಳಗೆ ಜಾರಿತು. ಎಳೆದು ತಂದು ಇಟ್ಟೆ. ಮತ್ತೆ ಜಾರಿತು. ಮೂರನೆಯ ಸಲ ಒಂದೊಂದೇ ಅಕ್ಷರ ಕೂಡಿಸಿ ಓದಿದೆ.

ಅವರು. ಎಲ್ಲ ಮೆಸೇಜಿನ ಮೇಲೂ ಅವರು.

ಉಪ್ಪಲ್‌ನ ಮಾತುಕತೆಯನ್ನು ಮೊದಲಿನಿಂದ ಓದಿದೆ. ಯಾರು? ನಾನು ಅಕ್ಕವ್ವ. ಅಲ್ಲಿ ಚಳಿ ಐತೇನು? ಅವ್ವ ಭೆಟ್ಟಿ ಆಗಿದ್ಲೇನು? ಬಾ ಅಕ್ಕವ್ವ. ಎಳ್ಳಮವಾಸಿ ಕಳದ ಮ್ಯಾಲೆ ಬಾ. ಬರೆದವಳು ನಾನೇ, ಓದುತ್ತ ಹೆದರಿದವಳೂ ನಾನೇ. ನಾದಿನಿ ಎಲ್ಲಿಗೆ ಬರುತ್ತೇನೆ ಎಂದಿದ್ದರು ಎಂಬುದು ಆಗ ತಲೆಗೆ ಹೋಯಿತು.

ಅವರ ಮಗಳಿಗೆ ಫೋನು ಹಚ್ಚಿದೆ. ಆಕೆ ಅಳುತ್ತಿದ್ದಳು. "ನಾಕ ದಿನ ಆತ್ರಿ ಅತ್ತಿ, ಬರೀ ಚಾದ ಮ್ಯಾಲೆ ಅದಾಳ. ಶುಗರಿನ ಗುಳಗಿ ತಲಿದಿಂಬಿನ ಕೆಳಗ ಇಡಾಕತ್ತಿದ್ಲು, ಇವತ್ತು ಸಿಕ್ಕು. ಕೇಳಿದ್ರ ನಗ್ತಾಳ. ನಾಳಿಗಿ ಹೋಗೂದು ಐತಿ, ಹಗುರ ಇರಬೇಕು ಅಂತಾಳ. ಎಲ್ಲಿಗೇ ಅವ್ವಾ ಅಂದ್ರ ಹೇಳಂಗಿಲ್ಲ."

ಹೇಳುವುದಿಲ್ಲ, ಸರಿ. ಸತ್ತವರು ಬಂದದ್ದನ್ನು ಬೇರೆಯವರಿಗೆ ಹೇಳಿದರೆ ಮತ್ತೆ ಬರುವುದಿಲ್ಲ. ನನಗೂ ಅದೇ ಕಲಿಸಿದ್ದು.

ಅಮಾವಾಸ್ಯೆಯ ದಿನವೇ ಬಸ್ಸು ಹತ್ತಿದೆ. ಕಂಡಕ್ಟರ್ ಆಧಾರ್ ಕೇಳಿದಾಗ ಬೆರಳು ಅಡ್ಡ ಬರಲಿಲ್ಲ.

ನಾದಿನಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತಲೆಗೆ ಎರೆದುಕೊಂಡಿದ್ದರು. ಕಾಲ ಹತ್ತಿರ ಒಂದು ಹಸಿರು ಸೀರೆ ಮಡಚಿ ಇಟ್ಟಿತ್ತು. ಮುಖ ಇಳಿದುಹೋಗಿತ್ತು, ಕಣ್ಣು ಮಾತ್ರ ಲಗ್ನದ ಹುಡುಗಿಯ ಹಾಗೆ.

"ಬಂದೇನು? ಹಬ್ಬದ ದಿನ ನಿನಗೇನು ಕೆಲಸಿಲ್ಲೇನ ಮನ್ಯಾಗ?"

"ಅಕ್ಕಾರ, ನಿಮಗ ಮೆಸೇಜು ಕಳಿಸಿದಾಕಿ ನಾನರಿ. ಅವರಲ್ಲ."

ಅವರು ಮಗಳ ಕಡೆ ನೋಡಿದರು, ಆಮೇಲೆ ನನ್ನ ಕಡೆ. "ಹೊಟ್ಟಿಕಿಚ್ಚು ನಿನಗ. ನಿನ್ನ ಕಡೆ ಬರವಲ್ಲ, ನನ್ನ ಕಡೆ ಬರ್ತಾನಂತ."

"ಫೋನು ಅವರದು. ಕೈ ನಂದು."

"ಅಂವನ ಮಾತು ನನಗ ತಿಳಿಯಂಗಿಲ್ಲೇನ? ನೀ ಹುಟ್ಟಾ ನನಗ ಅಕ್ಕವ್ವ ಅಂದೀಯೇನ? ಊಟ ಆತೇನು ಅಂತ ಎಂದರ ಕೇಳೀಯೇನ?"

ಫೋನು ತೆಗೆದು ಅವರ ಕಣ್ಣೆದುರು ಹಿಡಿದೆ. "ಊ" ಒತ್ತಿದೆ. ಊಟ ಬಂತು. ಆತೇನು ಬಂತು. ಅಕ್ಕವ್ವ ಬಂತು. ಫೋನು ತಡವರಿಸಲಿಲ್ಲ. ಅವರು ಬಾಗಿ ನೋಡಿದರು. ಬಹಳ ಮೆತ್ತಗೆ ಹೇಳಿದರು:

"ಅಂದ್ರ ಅಂವ ಇದರಾಗ ಅದಾನ."

ಮಗಳು ಹಿಂದಕ್ಕೆ ಸರಿದಳು. ನಮ್ಮವರು ಬರೆಯುತ್ತಿದ್ದ ಮಾತುಗಳನ್ನು ಫೋನು ಉಳಿಸಿಕೊಂಡಿದೆ ಎಂದು ಮೊಮ್ಮಗಳು ಆಮೇಲೆ ಬಿಡಿಸಿ ಹೇಳಿದಳು. ಆಗ ನನಗೆ ಅದೂ ಗೊತ್ತಿರಲಿಲ್ಲ.

"ಅವರ ಮಾತು ಅದಾವರಿ. ಅವರಿಲ್ಲ," ಎಂದೆ. "ನಾನ ಮೈ ತೊಳದೀನಿ. ಬಾಯಾಗ ನೀರು ಬಿಟ್ಟೀನಿ, ಹೊರಗ ಹರೀತು. ಅವರು ಸತ್ತಾರ."

"ಯಾರು ಸತ್ತಾರ? ಹೆಸರು ತಗೋ. ಅವರು ಇವರು ಅನಬ್ಯಾಡ. ನಿನ್ನ ಬಾಯಿಲೆ ಅಂವನ ಹೆಸರು ತಗೊಂಡು ಸತ್ತಾನ ಅನ್ನು. ಆಗ ನಂಬತೀನಿ."

ಅವರಿಗೆ ಗೊತ್ತಿತ್ತು ನಾನು ಹೇಳುವುದಿಲ್ಲವೆಂದು. ಆಯುಷ್ಯ ಸವೆಯುತ್ತದೆ ಎಂಬ ಹೆದರಿಕೆ, ಸವೆಯಲು ಆಯುಷ್ಯವೇ ಇಲ್ಲದವರ ಮೇಲೂ ನನಗೆ ಉಳಿದಿತ್ತು. ಹೆಸರು ತೆಗೆಯದ ತನಕ ನನ್ನ ಪಾಲಿಗೂ ಅವರು ಪೂರ್ತಿ ಹೋಗಿರಲಿಲ್ಲ ಎಂಬುದು ಆ ಮಂಚದ ಹತ್ತಿರ ನಿಂತಾಗ ತಿಳಿಯಿತು.

ಹೆಸರು ಹೇಳಿದೆ. ಪೂರ್ತಿ, ಅವರ ಅಪ್ಪನ ಹೆಸರು, ಮನೆತನ ಎಲ್ಲ ಸೇರಿಸಿ. ಸತ್ತಾರ ಎಂದೆ. ಇಲ್ಲಿ ಬರೆಯುವುದಿಲ್ಲ, ಒಂದು ಸಲ ಸಾಕು.

ನಾದಿನಿ ಅಳಲಿಲ್ಲ. ತಮ್ಮ ಫೋನನ್ನು ಕೈಗೆ ತೆಗೆದುಕೊಂಡರು. ಅವರ ತಮ್ಮನ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕಿ ಇತ್ತು. ಆ ಮನುಷ್ಯ ಈಗ ಅಲ್ಲಿದ್ದಾನೆ ಎಂದು ಪೇಟೆ ತೋರಿಸುವ ಗುರುತು ಅದು. "ದಿನಾ ಒಂದು ಗಂಟೆಕ್ಕ ಇದು ಹತ್ತೂದನ್ನ ನೋಡಕೋತ ಕೂಡತಿದ್ದೆ," ಎಂದರು.

ನಾನು ನನ್ನ ಕೈಯಲ್ಲಿದ್ದ ಫೋನನ್ನು ಬಂದ್ ಮಾಡಿದೆ. ಪೂರ್ತಿ, ಪರದೆ ಕಪ್ಪಾಗುವವರೆಗೆ ಗುಂಡಿ ಒತ್ತಿ ಹಿಡಿದು. ಮಂಚದ ಮೇಲೆ ಅಂಗಾತ ಇಟ್ಟೆ.

ಚುಕ್ಕಿ ಆರಲಿಲ್ಲ.

"ಈಗ ಅಲ್ಲಿ ಯಾರು ಅದಾರ?" ನಾದಿನಿ ಕೇಳಿದರು.

ಹೊರಗೆ ಹಾಡುಹಗಲು; ಮೆಟ್ರೋ ಹೋದ ಸದ್ದು, ತಳ್ಳುಗಾಡಿಯವನು ಟೊಮೆಟೊ ಎಂದು ಕೂಗುವುದು. ಒಳಗೆ ನಾವು ಮೂರು ಹೆಂಗಸರು ಸಾಸಿವೆಯಷ್ಟು ಹಸಿರನ್ನು ನೋಡುತ್ತ ಕೂತೆವು. ಬಂದ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಅದು ಹಾಗೇ ಇರುತ್ತದಂತೆ, ಪೇಟೆಯ ಪದ್ಧತಿ. ಇದೂ ಮೊಮ್ಮಗಳು ಆಮೇಲೆ ಹೇಳಿದ್ದು. ಆ ಸ್ವಲ್ಪ ಹೊತ್ತು ಎಷ್ಟು ಉದ್ದವಿತ್ತು ಎಂದು ಮಾತ್ರ ಆಕೆಗೆ ಗೊತ್ತಿಲ್ಲ.

ಆಮೇಲೆ ಆರಿತು.

"ಲಗ್ನದಾಗ ಒಮ್ಮೆ ಕಸಗೊಂಡಿ," ನಾದಿನಿ ಎಂದರು. "ಈಗ ಮತ್ತೊಮ್ಮೆ." ಗೋಡೆಯ ಕಡೆ ಹೊರಳಿ ಮಲಗಿದರು. ಓಣಿಯ ಸುದ್ದಿ, ಅರ್ಜಿಯ ಸುದ್ದಿ ಎಲ್ಲ ಅವರ ಬೆನ್ನಿಗೆ ಹೇಳುತ್ತ ಸಂಜೆಯವರೆಗೆ ಕೂತೆ. ಅವರು ಒಂದು ತುತ್ತೂ ಮುಟ್ಟಲಿಲ್ಲ. ನನ್ನ ಮೇಲಿನ ಸಿಟ್ಟು ಎಲ್ಲಿಯೂ ಹೋಗಿರಲಿಲ್ಲ, ಇದ್ದಲ್ಲೇ ಇತ್ತು. ಆ ಮೆತ್ತನೆಯ ಮಾತುಗಳಲ್ಲಿ ಒಂದೂ ನನ್ನದಾಗಿರಲಿಲ್ಲ.

ಮರುದಿನ ನಸುಕಿನಲ್ಲಿ ಎದ್ದು ಸಜ್ಜೆ ರೊಟ್ಟಿ ಬಡಿದೆ. ಹಬ್ಬದ ಭಜ್ಜಿ ಉಳಿದಿತ್ತು. ತಂಗಳಾದರೇ ಅದಕ್ಕೆ ರುಚಿ. ಬಟ್ಟೆಯಲ್ಲಿ ಕಟ್ಟಿಕೊಂಡು ಮೊದಲ ಬಸ್ಸಿಗೆ ಉಪ್ಪಲ್‌ಗೆ ಹೋದೆ. ಅವರು ಎದ್ದಿದ್ದರು. ಹಸಿರು ಸೀರೆ ಅಲ್ಲೇ ಇತ್ತು. ನಾನು ಅದರ ಮೇಲೆಯೇ ಗಂಟು ಇಟ್ಟು ಬಿಚ್ಚಿದೆ.

"ಊಟ ಆತೇನ್ರಿ ಅಕ್ಕಾರ?" ಬಾಯಿಂದ ಕೇಳಿದೆ.

"ಸೀರಿಗೆ ಜಿಡ್ಡು ಹತ್ತತೈತಿ, ಹೆಡ್ಡಿ."

"ಹತ್ತಲಿ. ಇವತ್ತೇನು ಉಡೂದಿಲ್ಲಲ್ಲ."

ರೊಟ್ಟಿಯ ಅಂಚು ಮುರಿದು ಭಜ್ಜಿಗೆ ಒತ್ತಿದರು. ಬಾಯಿಗೆ ಇಟ್ಟುಕೊಳ್ಳುವ ಮೊದಲು ಕೇಳಿದರು: "ಆ ನಿನ್ನ ಸಣ್ಣ ಓಣ್ಯಾಗ ಸತ್ತವರು ಬರ್ತಾರೇನು?"

"ಇಲ್ಲರಿ. ಗುರ್ತು ಹೇಳೂದು ಬೇಕು."

"ಹಂಗಾರ ನನ್ನ ಹೆಸರು ಹಚ್ಚು."

ಅಲ್ಲೇ ಕೂತು ಓಣಿಯ ಯಜಮಾನರಿಗೆ ಫೋನು ಹಚ್ಚಿದೆ. ಮೊದಲು ನನ್ನ ಹೆಸರು ಹೇಳಿ ಬರೆಸಿದೆ, ತವರಿನಲ್ಲಿ ಇಟ್ಟ ಹೆಸರು. ಆಮೇಲೆ ಅವರದು.

"ಇವರಿಗೆ ಗುರ್ತು ಯಾರು ಹೇಳ್ತಾರ್ರಿ ವೈನಿ?"

"ನಾ ಹೇಳ್ತೀನಿ ಬರಕೋರಿ," ಎಂದೆ. "ನನ್ನ ನಾದಿನಿ. ಬದುಕ್ಯಾರ. ನನ್ನ ಎದುರಿಗೆ ಕುಂತು ರೊಟ್ಟಿ ತಿನ್ನಾಕತ್ತಾರ."